ಎಷ್ಟು ಹೊತ್ತಿನ ನೀರು?

ಕೆರೆಯಲ್ಲಿ ಮೀನು ಬದುಕಲು ಎಷ್ಟು ಆಮ್ಲಜನಕ ಬೇಕು? ಪದವಿ ತರಗತಿಯ ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ಇದು ಒಂದಂಕದ ಪ್ರಶ್ನೆ. ಉತ್ತರವೂ ಒಂದೇ ಸಾಲು: ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಮ್ಮ ಜಲಮೂಲಗಳನ್ನು ಎ, ಬಿ, ಸಿ, ಡಿ, ಇ ಎಂದು ಐದು ದರ್ಜೆಗಳಾಗಿ ವಿಂಗಡಿಸಿದೆ. ಸೋಂಕು ಕಳೆದರೆ ಸಾಕು, ಕುಡಿಯಬಹುದು ಎನ್ನುವಷ್ಟು ಶುದ್ಧವಾದ ಎ ದರ್ಜೆಗೆ 6 ಮಿಲಿಗ್ರಾಂ ಇರಬೇಕು. ಮೀನು ಮತ್ತು ವನ್ಯಜೀವಿಗಳ ಡಿ ದರ್ಜೆಗೆ 4 ಸಾಕು. ಬರೆದೆ, ಅಂಕ ಬಂತು, ಮರೆತೆ.

ಇದೇ ಪ್ರಶ್ನೆಯನ್ನು ಕೆರೆಯಲ್ಲಿ ಬಲೆ ಬಿಡುವವರ ಮುಂದಿಟ್ಟರೆ ಅವರು ಮಿಲಿಗ್ರಾಮಿನ ಲೆಕ್ಕ ಹೇಳುವುದಿಲ್ಲ. ಆದರೆ ಮೀನು ಯಾವಾಗ 'ಬಾಯಿ ಬಿಡುತ್ತದೆ' ಎಂಬುದು ಅವರಿಗೆ ಗೊತ್ತು. ಕೋಳಿ ಕೂಗುವ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು, ನೀರಿನ ಮೈಗೆ ಬಾಯಿ ಹಚ್ಚಿ ಗುಟುಕರಿಸುತ್ತವೆ. ಬಿಸಿಲೇರಿದ ಮೇಲೆ ಒಂದೂ ಕಾಣುವುದಿಲ್ಲ. ಕೆರೆ ಅದೇ, ಮೀನೂ ಅವೇ. ಬೇರೆಯಾದದ್ದು ಹೊತ್ತು ಮಾತ್ರ. ನಾನು ಓದಿದ ಪುಸ್ತಕದ ಒಂದು ಸಾಲಿನ ಉತ್ತರದಲ್ಲಿ ಈ ಹೊತ್ತಿಗೆ ಜಾಗವೇ ಇರಲಿಲ್ಲ.

ಆಮ್ಲಜನಕದ ಮಟ್ಟಿಗೆ ನೀರು ಎಷ್ಟು ಬಡ ಜಾಗ ಎಂಬುದನ್ನು ಮೊದಲು ನೋಡೋಣ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿಕೊಂಡು ಕರಗಿಸಿಟ್ಟುಕೊಳ್ಳುವುದು ಬರೀ 8.3 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಇದೂ ಇಳಿಯುತ್ತದೆ: ಸೊನ್ನೆ ಡಿಗ್ರಿಯಲ್ಲಿ 14.6, ಮೂವತ್ತರಲ್ಲಿ 7.6. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಗಾಳಿಯ ಒತ್ತಡವೇ ಹತ್ತನೇ ಒಂದು ಪಾಲು ಕಡಿಮೆ, ಹಾಗಾಗಿ ಇನ್ನಷ್ಟು ಕೊರತೆ. ಸಾಲದ್ದಕ್ಕೆ ಆಮ್ಲಜನಕದ ಅಣು ನಿಂತ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮೇಲ್ಮೈಯಲ್ಲಿ ಸೇರಿಕೊಂಡದ್ದು ಗಾಳಿ ಬೀಸಿ, ಅಲೆ ಎದ್ದು, ನೀರು ಕಲಕದೆ ತಳ ಮುಟ್ಟುವುದೇ ಇಲ್ಲ ಎನ್ನಬಹುದು. ಮೀನಿನ ಕಿವಿರು ಅಷ್ಟೊಂದು ತೆಳು ಎಳೆಗಳಾಗಿ ಸೀಳಿಕೊಂಡಿರುವುದು, ಒಳಗಿನ ರಕ್ತ ನೀರಿಗೆ ಎದುರುದಿಕ್ಕಿನಲ್ಲಿ ಹರಿಯುವುದು ಎಲ್ಲವೂ ಈ ಚೂರುಪಾರನ್ನು ಬಿಡದೆ ಹೆಕ್ಕುವುದಕ್ಕಾಗಿ. ಪ್ರಾಣಿಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಕಿವಿರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದ್ದೆವು. ಅದು ಅಷ್ಟು ಜಟಿಲ ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಭೌತಶಾಸ್ತ್ರದ ಪುಸ್ತಕದಲ್ಲಿ, ಅನಿಲಗಳ ಕರಗುವಿಕೆಯ ಅಧ್ಯಾಯದಲ್ಲಿ ಇತ್ತು. ಆ ಪೀರಿಯಡ್ ಬೇರೆ, ಆ ಮೇಷ್ಟ್ರೂ ಬೇರೆ.

ಈ ಬೇರೆ ಬೇರೆ ಪೀರಿಯಡ್‌ಗಳನ್ನು ಕೂಡಿಸಬಹುದಾಗಿದ್ದದ್ದು ಪರಿಸರ ಅಧ್ಯಯನ. ಸುಪ್ರೀಂ ಕೋರ್ಟ್ 1991ರ ನವೆಂಬರ್‌ನಲ್ಲಿ, ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ, ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ನನ್ನ ಕೈಗೆ ಬರುವ ಹೊತ್ತಿಗೆ ಅದು 'ಕಾರಣಗಳು, ಪರಿಣಾಮಗಳು, ನಿಯಂತ್ರಣ ಕ್ರಮಗಳು' ಎಂಬ ಮೂರು ಉಪಶೀರ್ಷಿಕೆಗಳ ವಿಷಯವಾಗಿತ್ತು. ಜಲಮಾಲಿನ್ಯಕ್ಕೂ ಅವೇ ಮೂರು, ಶಬ್ದಮಾಲಿನ್ಯಕ್ಕೂ ಅವೇ ಮೂರು. ಹಿಂದಿನ ರಾತ್ರಿ ಓದಿದರೆ ಪಾಸಾಗಬಹುದಿತ್ತು, ನಾವೆಲ್ಲ ಆದದ್ದೂ ಹಾಗೇ.

ಕೆರೆಗೆ ಆಮ್ಲಜನಕ ಬರುವುದು ಗಾಳಿಯಿಂದ ಮಾತ್ರವಲ್ಲ, ಒಳಗಿನ ಪಾಚಿಯಿಂದಲೂ. ಇದು ಸಸ್ಯಶಾಸ್ತ್ರದ ಪಾಲು. ಅದರ ಇತಿಹಾಸದಲ್ಲೂ ಹೊತ್ತಿನ ತಕರಾರು ಇದೆ ಎಂದು ನನಗೆ ತಡವಾಗಿ ಗೊತ್ತಾಯಿತು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಮೇಣದಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದೀನದ ಕಡ್ಡಿಯೊಂದನ್ನು ಬೆಳೆಸಿದ. ಕೆಲವು ದಿನಗಳಾದ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಗಿಡ ಗಾಳಿಯನ್ನು ಸರಿಪಡಿಸುತ್ತದೆ ಎಂದ. ಸ್ವೀಡನ್ನಿನ ಷೀಲೆ ಮಾಡಿ ನೋಡಿದರೆ ಗಿಡ ಗಾಳಿಯನ್ನು ಕೆಡಿಸಿತ್ತು. ಪ್ರೀಸ್ಟ್ಲಿಗೂ ಪ್ರತಿ ಸಲ ಅದೇ ಫಲಿತಾಂಶ ಸಿಗಲಿಲ್ಲ. ಇಬ್ಬರೂ ಬಲ್ಲವರೇ, ಕಂಡದ್ದನ್ನೇ ಹೇಳಿದವರು.

ಗಂಟು ಬಿಡಿಸಿದವನು ಡಚ್ ವೈದ್ಯ ಯಾನ್ ಇಂಗನ್‌ಹೌಸ್. ವಿಯೆನ್ನಾದ ರಾಜಮನೆತನಕ್ಕೆ ಸಿಡುಬಿನ ಚುಚ್ಚುಮದ್ದು ಹಾಕಿ ಹೆಸರಾದವನು. 1779ರ ಬೇಸಗೆಯಲ್ಲಿ ಲಂಡನ್ ಹೊರವಲಯದ ಮನೆಯೊಂದರಲ್ಲಿ ಕೂತು, ಮೂರು ತಿಂಗಳೂ ತುಂಬದೊಳಗೆ ಐನೂರಕ್ಕೂ ಹೆಚ್ಚು ಪ್ರಯೋಗ ಮಾಡಿದ. ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದನ್ನು ನೋಡುತ್ತ ಕೂರುವುದೇ ಕೆಲಸ. ಬಿಸಿಲಿನಲ್ಲಿ ಇಟ್ಟಾಗ ಗುಳ್ಳೆ ಎದ್ದವು, ಕತ್ತಲಿನಲ್ಲಿ ನಿಂತವು. ಬರೀ ಕಾವು ಕೊಟ್ಟರೆ ಸಾಲದು, ಬೆಳಕೇ ಬೇಕು. ರಾತ್ರಿಯಲ್ಲಿ ಅದೇ ಗಿಡ ಗಾಳಿಯನ್ನು ಕೆಡಿಸುತ್ತದೆ ಎಂಬುದನ್ನೂ ಅವನು ಗಮನಿಸಿದ. ಹಗಲು ಯಾವುದು, ಇರುಳು ಯಾವುದು ಎಂದು ಬರೆದಿಟ್ಟುಕೊಂಡದ್ದೇ ಅವನ ದೊಡ್ಡತನ. ನಮ್ಮ ಲ್ಯಾಬಿನಲ್ಲಿ ಹೈಡ್ರಿಲ್ಲಾ ಗಿಡವನ್ನು ಬೀಕರಿನಲ್ಲಿಟ್ಟು ಆಲಿಕೆ ಮುಚ್ಚಿ ಗುಳ್ಳೆ ಎಣಿಸಿದ್ದು ಈ ಪ್ರಯೋಗದ ಮೊಮ್ಮಗುವೇ. ಕಾರ್ಯವಿಧಾನ ಬರೆಸಿದರು, ಇಂಗನ್‌ಹೌಸ್ ಜಗಳ ಬಿಡಿಸಿದ ಕತೆಯನ್ನು ಬಿಟ್ಟರು.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನನಗೆ ಸಿಕ್ಕಿದ್ದು ಕಾಲೇಜಿಗೆ ಹತ್ತಿರದ ಕೆರೆ ಮತ್ತು ವಿಂಕ್ಲರ್ ವಿಧಾನ. ಹಂಗೆರಿಯ ಲಾಯೊಷ್ ವಿಂಕ್ಲರ್ ಇದನ್ನು ಪ್ರಕಟಿಸಿದ್ದು 1888ರಲ್ಲಿ. ಆಗ ಅವನಿಗೂ ಇಪ್ಪತ್ತೈದರ ಆಸುಪಾಸು, ಬುಡಾಪೆಸ್ಟಿನಲ್ಲಿ ಡಾಕ್ಟರೇಟ್ ವಿದ್ಯಾರ್ಥಿ. ವಿದ್ಯಾರ್ಥಿಯೊಬ್ಬನ ಪ್ರಬಂಧದ ಕೆಲಸ ಸುಮಾರು ನೂರಮೂವತ್ತೈದು ವರ್ಷ ಜಗತ್ತಿನ ಪ್ರಯೋಗಾಲಯಗಳಲ್ಲಿ ಉಳಿದುಬಂದಿದೆ ಎಂಬುದು, ಬ್ಯೂರೆಟ್ ತೊಳೆಯುತ್ತಿದ್ದ ನಮಗೆ ಯಾರಾದರೂ ಹೇಳಬಹುದಾಗಿದ್ದ ಸಂಗತಿ.

ವಿಧಾನ ಹೀಗಿದೆ. ಓರೆಯಾಗಿ ಕತ್ತರಿಸಿದ ಗಾಜಿನ ಬಿರಡೆ ಇರುವ 300 ಮಿಲಿಲೀಟರಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ನೀರಿನೊಳಗೇ ತುಂಬಬೇಕು. ದಡದಲ್ಲೇ ನಿಂತು ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಮೇಲೆ ಕ್ಷಾರೀಯ ಪೊಟ್ಯಾಸಿಯಂ ಅಯೊಡೈಡ್. ಬಿರಡೆ ಒತ್ತಿ ಬಾಟಲಿಯನ್ನು ಬುಡಮೇಲು ಮಾಡುತ್ತ ಕಲಕಿದರೆ ಒಳಗೆ ಮೋಡದಂತೆ ಒತ್ತರ ಇಳಿಯುತ್ತದೆ. ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಮ್ಯಾಂಗನೀಸ್ ಹಿಡಿದುಕೊಳ್ಳುತ್ತದೆ. ಇದಕ್ಕೆ ಲ್ಯಾಬಿನ ಭಾಷೆಯಲ್ಲಿ 'ಫಿಕ್ಸ್ ಮಾಡುವುದು' ಎನ್ನುತ್ತಾರೆ. ಆ ಘಳಿಗೆಯ ನೀರು ಅಲ್ಲಿಗೇ ನಿಂತಿತು. ಬಾಟಲಿಯೊಳಗಿನ ಪಾಚಿ ಆಮೇಲೆ ಉಸಿರಾಡಿ ಲೆಕ್ಕ ಕೆಡಿಸುವಂತಿಲ್ಲ. ಲ್ಯಾಬಿಗೆ ತಂದು ಆಮ್ಲ ಹಾಕಿದರೆ, ಹಿಡಿದಿಟ್ಟ ಆಮ್ಲಜನಕಕ್ಕೆ ಸರಿಸಮನಾಗಿ ಅಯೊಡಿನ್ ಹೊರಬಂದು ನೀರು ಕಂದುಹಳದಿಯಾಗುತ್ತದೆ. ಪಿಷ್ಟ ಹಾಕಿದರೆ ನೀಲಿ. ಆ ನೀಲಿ ಮಾಯವಾಗುವ ತನಕ ಸೋಡಿಯಂ ಥಯೋಸಲ್ಫೇಟ್ ಬಿಡಬೇಕು. 200 ಮಿಲಿಲೀಟರ್ ಮಾದರಿಗೆ 0.025 ನಾರ್ಮಲ್ ದ್ರಾವಣ ಬಳಸಿದರೆ ಗುಣಾಕಾರವೂ ಬೇಡ, ಬ್ಯೂರೆಟ್ಟಿನಿಂದ ಇಳಿದ ಮಿಲಿಲೀಟರೇ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಉತ್ತರ.

ಆದರೆ ಉತ್ತರಕ್ಕೆ ಬ್ಯೂರೆಟ್ಟಿನವರೆಗೆ ಕಾಯಬೇಕಿಲ್ಲ. ಒತ್ತರದ ಬಣ್ಣವೇ ಅರ್ಧ ಕತೆ ಹೇಳಿಬಿಡುತ್ತದೆ. ಆಮ್ಲಜನಕ ಇದ್ದರೆ ಕಂದು, ಹೆಚ್ಚಿದ್ದಷ್ಟೂ ಗಾಢ. ಇಲ್ಲದಿದ್ದರೆ ಹಾಲಿನಂಥ ಬಿಳಿ. ಮಧ್ಯಾಹ್ನದ ಬಾಟಲಿ ಗಾಢ ಕಂದು, ಮುಂಜಾವಿನ ಬಾಟಲಿ ಬಿಳಿಚಿಕೊಂಡದ್ದು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕೆರೆಯ ನೀರೆಂದು ನಂಬುವುದು ಕಷ್ಟ. ಮುಂಜಾವಿನ ಬಾಟಲಿ ತರುವುದೇನೂ ಸುಲಭವಲ್ಲ ಅನ್ನಿ. ಲ್ಯಾಬಿನ ಬೀಗ ತೆಗೆಯುವುದು ಹತ್ತರ ಮೇಲೆ. ರಾಸಾಯನಿಕಗಳನ್ನು ಹಿಂದಿನ ದಿನವೇ ಕೇಳಿ ಪಡೆದು, ಕತ್ತಲಲ್ಲಿ ಏರಿ ಮೇಲೆ ನಡೆದು, ನಾಯಿಗಳಿಗೆ ಸಮಜಾಯಿಷಿ ಹೇಳಿ ಇಳಿಯಬೇಕು. ಗ್ರಂಥಾಲಯದಲ್ಲಿದ್ದ ಹಳೆಯ ಪ್ರಾಜೆಕ್ಟ್ ವರದಿಗಳನ್ನು ತಿರುವಿದರೆ ಹೆಚ್ಚಿನವು ಕಾಲೇಜಿನ ವೇಳೆಯಲ್ಲಿ ತಂದ ನೀರಿನ ವರದಿಗಳು. ಸಮಯದ ಅಂಕಣವೇ ಇಲ್ಲದವು ಬಹಳ. ಅವುಗಳಲ್ಲಿನ ಕೆರೆ ಸದಾ ಬೆಳಗಿನ ಹನ್ನೊಂದು ಗಂಟೆಯ ಕೆರೆ, ಆರೋಗ್ಯವಾಗಿಯೇ ಕಾಣುತ್ತದೆ.

ನಡೆಯುವುದು ಇದು. ಬಿಸಿಲು ಬಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ. ಪಾಚಿಯಿಂದ ಗಟ್ಟಿ ಹಸಿರಾದ ಕೆರೆಯಲ್ಲಿ ಅದು ನೀರು ಕರಗಿಸಿಕೊಳ್ಳಬಲ್ಲ ಮಿತಿಯನ್ನೂ ದಾಟಿ, ಮಧ್ಯಾಹ್ನ ಮೂರರ ಹೊತ್ತಿಗೆ ಲೀಟರಿಗೆ ಹದಿನೈದು ಮಿಲಿಗ್ರಾಂ ಮೀರಬಹುದು. ಸೂರ್ಯ ಮುಳುಗಿದ ಮೇಲೆ ಪಾಚಿಯೂ ಉಸಿರಾಡುತ್ತದೆ, ಬ್ಯಾಕ್ಟೀರಿಯಾ, ಮೀನು, ತಳದ ಕೆಸರೂ ಕೂಡ. ಇಡೀ ರಾತ್ರಿ ಬರೀ ಖರ್ಚು. ಗಾಳಿಯಿಂದ ನುಸುಳುವ ಅಲ್ಪಸ್ವಲ್ಪ ಬಿಟ್ಟರೆ ಬರವು ಇಲ್ಲ. ಸೂರ್ಯ ಹುಟ್ಟುವ ಮುಂಚಿನ ಘಳಿಗೆಯಲ್ಲಿ ಅದು ಸೊನ್ನೆಯ ಹತ್ತಿರ ಇಳಿದಿರುತ್ತದೆ. ಕೆರೆ ಹಸಿರಾದಷ್ಟೂ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಮಧ್ಯಾಹ್ನದ 15 ನೋಡಿ ಖುಷಿಪಡುವವನು ಕೆರೆಯ ಜ್ವರವನ್ನೇ ಆರೋಗ್ಯವೆಂದು ಬರೆದುಕೊಳ್ಳುತ್ತಿದ್ದಾನೆ.

ಹಗಲಿಗೂ ತನ್ನದೇ ವಿಷವಿದೆ. ಪಾಚಿ ದ್ಯುತಿಸಂಶ್ಲೇಷಣೆಗೆ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡಂತೆ ನೀರಿನ ಆಮ್ಲೀಯತೆ ಕಳೆದು ಪಿಎಚ್ 9ರ ಮೇಲೆ ಹೋಗಬಹುದು. ಕೊಳಚೆಯಿಂದ ಬಂದ ಅಮೋನಿಯಂ ಅಷ್ಟು ಕ್ಷಾರದಲ್ಲಿ ಅಮೋನಿಯಾ ಅನಿಲವಾಗಿ ಬದಲಾಗುತ್ತದೆ. ಮೀನಿಗೆ ಅಮೋನಿಯಂಗಿಂತ ಅಮೋನಿಯಾ ಬಹಳ ವಿಷ. ಅಂದರೆ ಮೀನಿಗೆ ಬೆಳಗಿನ ಜಾವ ಉಸಿರು ಸಾಲದು, ಮಧ್ಯಾಹ್ನ ನೀರೇ ಉರಿ. ಇನ್ನು ಮೂರು ನಾಲ್ಕು ದಿನ ಮೋಡ ಮುಚ್ಚಿಕೊಂಡರೆ ಹಗಲಿನ ಆದಾಯವೂ ನಿಂತು ಖರ್ಚು ಮಾತ್ರ ಮುಂದುವರಿಯುತ್ತದೆ. ಬೇಸಗೆಯ ಮೊದಲ ಜೋರು ಮಳೆಗೆ ರಾಜಕಾಲುವೆಗಳಲ್ಲಿ ತಿಂಗಳುಗಟ್ಟಲೆ ಕೊಳೆತು ಬಿದ್ದದ್ದೆಲ್ಲ ಒಮ್ಮೆಗೇ ಬಂದು ಕೆರೆಗೆ ಬೀಳುತ್ತದೆ, ತಳದ ಕೆಸರೂ ಕದಡುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಕೊಳಚೆ ಮತ್ತು ಆಮ್ಲಜನಕದ ಕೊರತೆಯ ಮಾತು ಎಲ್ಲರ ಬಾಯಲ್ಲೂ ಬಂತು. ಪತ್ರಿಕೆಗಳಲ್ಲಿ ಬಂದ ಚಿತ್ರ ಸತ್ತ ಮೀನಿನದು. ಸಾಯುವ ಹೊತ್ತನ್ನು ಕ್ಯಾಮೆರಾ ಹಿಡಿಯುವುದು ಕಷ್ಟ, ಅದು ಕತ್ತಲಲ್ಲಿ ಆಗುವಂಥದ್ದು.

ಇಷ್ಟು ಪಾಚಿ ಎಲ್ಲಿಂದ? ಇದಕ್ಕೆ ಉತ್ತರವಾಗಿ ಕೆನಡಾದ ಒಂದು ಕೆರೆಯ ಫೋಟೋ ಇದೆ. ಒಂಟಾರಿಯೊದ ಕಾಡಿನಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳ ಗುಂಪೊಂದಿದೆ, ಅವುಗಳಿಗೆ ಹೆಸರಿಲ್ಲ, ಸಂಖ್ಯೆ. 1973ರಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು 226ನೇ ಕೆರೆಯ ಸೊಂಟಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಸುರಿದರು, ಒಂದು ಭಾಗಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ವಿಮಾನದಿಂದ ತೆಗೆದ ಚಿತ್ರದಲ್ಲಿ ಪರದೆಯ ಈ ಕಡೆ ಕಪ್ಪು ತಿಳಿನೀರು, ಆ ಕಡೆ ಹಸಿರು ರಾಡಿ. ಮಾರ್ಜಕಗಳಲ್ಲಿ ರಂಜಕ ಇದ್ದರೇನಂತೆ ಎಂದು ವಾದಿಸುತ್ತಿದ್ದ ಸಾಬೂನು ಕಂಪನಿಗಳ ಮುಂದೆ ಹಿಡಿಯಲು ಅಷ್ಟು ಸಾಕಾಯಿತು. ಪುಟಗಟ್ಟಲೆ ಕೋಷ್ಟಕಕ್ಕಿಂತ ಈ ಒಂದು ಚಿತ್ರ ಹೆಚ್ಚು ಕೆಲಸ ಮಾಡಿದೆ ಎಂದು ನನ್ನ ಅಂದಾಜು. ನಮ್ಮ ಪರಿಸರ ಅಧ್ಯಯನದ ಪುಸ್ತಕದಲ್ಲಿ 'ಯೂಟ್ರೊಫಿಕೇಶನ್' ಎಂಬ ಪದಕ್ಕೆ ವ್ಯಾಖ್ಯೆ ಇತ್ತು, ಈ ಚಿತ್ರ ಇರಲಿಲ್ಲ.

ಬೆಂಗಳೂರಿಗೆ ಪರದೆ ಕಟ್ಟುವ ಅಗತ್ಯ ಬೀಳಲಿಲ್ಲ. ಇಲ್ಲಿನ ಕೆರೆಗಳು ನದಿಯಿಲ್ಲದ ಊರಿನವರು ಮಳೆ ಹಿಡಿಯಲೆಂದು ಒಂದರ ಕೆಳಗೊಂದು ಕಟ್ಟಿಕೊಂಡವು. ಮೇಲಿನದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ತೂಬು ಎತ್ತಿ ಗದ್ದೆಗೆ ಬಿಡಲು ನೀರುಗಂಟಿ. ಬೇಸಗೆಯಲ್ಲಿ ಹಲವು ಒಣಗುತ್ತಿದ್ದವು. ಊರವರು ಇಳಿದು ಹೂಳು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ತಳ ಬಿಸಿಲು ಕಾಣುತ್ತಿತ್ತು, ಹೂಳಿನೊಡನೆ ರಂಜಕವೂ ಹೊಲಕ್ಕೆ ಹೋಗುತ್ತಿತ್ತು. ಈಗ ಕೊಳಚೆ ನೀರು ಹನ್ನೆರಡು ತಿಂಗಳೂ ಹರಿಯುವುದರಿಂದ ಕೆರೆ ಒಣಗುವುದೇ ಇಲ್ಲ. ಏಪ್ರಿಲ್‌ನಲ್ಲೂ ತುಂಬಿದ ಕೆರೆ ನೋಡಿ ಸಂತೋಷಪಡುವವರನ್ನು ಕಂಡಿದ್ದೇನೆ. ನನಗೀಗ ಅದೇ ಮೊದಲ ಅನುಮಾನ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ನೀರು ಧುಮುಕುವಲ್ಲಿ ಎದ್ದ ನೊರೆ ರಸ್ತೆಗೆ ಹಾರಿದ್ದು, 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿಕೊಂಡದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ನೊರೆಗೆ ಕಾರಣ ರಂಜಕವಲ್ಲ, ಮಾರ್ಜಕದ ಇನ್ನೊಂದು ಪಾಲಾದ ಸರ್ಫ್ಯಾಕ್ಟಂಟ್‌ಗಳು. ಎರಡನ್ನೂ ಗಂಟುಹಾಕುವುದು ರೂಢಿ. ನೊರೆ ಕಣ್ಣಿಗೆ ಕಾಣುತ್ತದೆ, ಟಿ.ವಿ.ಯವರು ಬರುತ್ತಾರೆ. ರಂಜಕ ಸದ್ದಿಲ್ಲದೆ ತಳದ ಕೆಸರಿನಲ್ಲಿ ಸೇರಿಕೊಂಡು, ಆಮ್ಲಜನಕ ಇಲ್ಲದ ಹೊತ್ತು ನೋಡಿ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಒಳಬರುವ ಕೊಳಚೆಯನ್ನು ನಾಳೆಯೇ ನಿಲ್ಲಿಸಿದರೂ ಹಳೆಯ ಸಾಲ ತೀರಲು ವರ್ಷಗಳು ಬೇಕಾಗುವುದು ಇದರಿಂದ.

ಹೊತ್ತಿನ ವಿಷಯದಲ್ಲಿ ಬಾಟಲಿಗಿಂತ ನಂಬಿಕಸ್ಥ ಸಾಕ್ಷಿಗಳು ಕೆಸರಿನಲ್ಲಿವೆ. ಬಾಟಲಿ ಹೇಳುವುದು ಒಂದು ಘಳಿಗೆಯ ಕತೆ. ಹುಳುಗಳು ಹೇಳುವುದು ವಾರಗಳ ಕತೆ, ಯಾಕೆಂದರೆ ಅವು ಎಲ್ಲ ರಾತ್ರಿಗಳನ್ನೂ ಅಲ್ಲೇ ಕಳೆದಿರುತ್ತವೆ. ಕೈಜರಡಿಯಲ್ಲಿ ತಳದ ಮಣ್ಣು ಜಾಲಿಸಿದಾಗ ಕೆಂಪು ದಾರದ ತುಂಡಿನಂಥ ಹುಳುಗಳೇ ಸಿಕ್ಕರೆ ಅವು ಕೈರೊನೊಮಸ್ ಎಂಬ ನೊಣದ ಮರಿಗಳು. ಆ ಕೆಂಪು ಹಿಮೊಗ್ಲೋಬಿನ್‌ದು, ಕೀಟಗಳಲ್ಲಿ ಅಪರೂಪ. ಆಮ್ಲಜನಕ ತೀರಾ ಕಡಿಮೆಯಿರುವ ಕೆಸರಿನಲ್ಲಿ ಬದುಕಲು ಅದೇ ಅವುಗಳ ಉಪಾಯ. ಹರಿಯುವ ಶುದ್ಧ ತೊರೆಯಲ್ಲಿ ಕಲ್ಲು ಎತ್ತಿದರೆ ಸಿಗುವ ಮೇಫ್ಲೈ ಮರಿ ಇಂಥ ಕಡೆ ಒಂದು ರಾತ್ರಿಯೂ ಉಳಿಯದು. ಮೀನಿನಲ್ಲೂ ಹಾಗೆಯೇ, ಕೊನೆಗೆ ಉಳಿಯುವುದು ಗಾಳಿ ಕುಡಿಯಬಲ್ಲ ಚೇಳುಮೀನು, ಕುಚ್ಚುಮೀನಿನಂಥವು. ಥಯೋಸಲ್ಫೇಟ್ ಕೊಳ್ಳಲು ಕಾಸಿಲ್ಲದ ಹಳ್ಳಿ ಶಾಲೆಯ ಮಕ್ಕಳೂ ಈ ಸಾಕ್ಷಿಗಳನ್ನು ವಿಚಾರಿಸಬಹುದು, ಒಂದು ಜರಡಿ ಮತ್ತು ಬಿಳಿ ತಟ್ಟೆ ಸಾಕು. ನನಗೆ ಈ ಕೆಲಸ ಟೈಟ್ರೇಶನ್‌ಗಿಂತ ಹೆಚ್ಚು ಹಿಡಿಸಿತು.

ಪುಸ್ತಕದ ಸಂಖ್ಯೆಗಳೊಳಗೆ ಕಾಲ ಅಡಗಿ ಕೂತಿರುವುದು ಒಮ್ಮೆ ಕಂಡ ಮೇಲೆ ಎಲ್ಲೆಲ್ಲೂ ಕಾಣತೊಡಗುತ್ತದೆ. ಬಿಒಡಿ ಎಂಬುದು ಕೊಳಚೆಯನ್ನು ಅಳೆಯುವ ಪ್ರಸಿದ್ಧ ಮಾನ: ನೀರನ್ನು ಬಾಟಲಿಯಲ್ಲಿ ಮುಚ್ಚಿಟ್ಟು, ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ತಿಂದವು ಎಂದು ನೋಡುವುದು. ಐದು ದಿನ, 20 ಡಿಗ್ರಿ. ಯಾಕೆ ಐದು? ಬ್ರಿಟನ್ನಿನ ಕೊಳಚೆ ಆಯೋಗವೊಂದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದನ್ನು ಗೊತ್ತುಮಾಡಿದಾಗ, ಅಲ್ಲಿನ ನದಿಗಳ ನೀರು ಸಮುದ್ರ ಸೇರಲು ಐದು ದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂಬುದೇ ಆಧಾರವಾಗಿತ್ತೆಂದು ಪಠ್ಯಗಳು ಹೇಳುತ್ತವೆ. ಕಾವೇರಿ ತಲಕಾವೇರಿಯಿಂದ ಹೊರಟು ಸುಮಾರು 800 ಕಿಲೋಮೀಟರ್ ಹರಿಯಬೇಕು, ಕೆರೆಯಂತೂ ಎಲ್ಲಿಗೂ ಹೊರಡುವುದಿಲ್ಲ. ಬಿಸಿ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಚುರುಕು ಎಂದು ಭಾರತದ ಮಾನಕ ಅದನ್ನು 27 ಡಿಗ್ರಿಯಲ್ಲಿ ಮೂರು ದಿನಕ್ಕೆ ಬದಲಿಸಿಕೊಂಡಿದೆ. ಬಾಟಲಿಯನ್ನು ಕತ್ತಲಲ್ಲೇ ಇಡಬೇಕೆಂಬ ನಿಯಮವೂ ಇದೆ, ಬೆಳಕು ತಾಗಿದರೆ ಒಳಗಿನ ಪಾಚಿ ಆಮ್ಲಜನಕ ಬಿಟ್ಟು ಲೆಕ್ಕ ತಪ್ಪಿಸುತ್ತದೆ. ಪ್ರಯೋಗ ರೂಪಿಸಿದವರಿಗೆ ಹಗಲು-ಇರುಳಿನ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ನಮ್ಮ ಕೈಪಿಡಿಗೆ ಬರುವಾಗ 'ಕತ್ತಲಲ್ಲಿ ಇಡಿ' ಎಂಬ ಆಜ್ಞೆ ಉಳಿದು ಕಾರಣ ಉದುರಿಹೋಗಿತ್ತು.

ಸರಾಸರಿಯ ವಿಷಯಕ್ಕೆ ಬಂದರೆ ಇನ್ನೂ ವಿಚಿತ್ರ. ಒಂದು ಕೆರೆಯಲ್ಲಿ ಮಧ್ಯಾಹ್ನ 14 ಮಿಲಿಗ್ರಾಂ, ಬೆಳಗಿನ ಜಾವ 1 ಎಂದುಕೊಳ್ಳಿ. ಸರಾಸರಿ ಏಳೂವರೆ. ಕರಗಿದ ಆಮ್ಲಜನಕ ಒಂದನ್ನೇ ಹಿಡಿದು ನೋಡಿದರೆ ಅದು ಡಿ ದರ್ಜೆಯನ್ನಷ್ಟೇ ಅಲ್ಲ, ಎ ದರ್ಜೆಯನ್ನೂ ದಾಟುತ್ತದೆ. ಅಷ್ಟರಲ್ಲಿ ಮೀನೆಲ್ಲ ಸತ್ತಿದೆ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಮೀನು ಸರಾಸರಿಯಲ್ಲಿ ಉಸಿರಾಡುವುದಿಲ್ಲ, ಅಷ್ಟೆ. ಈಗ ಎಲೆಕ್ಟ್ರೋಡು ಅಥವಾ ಬೆಳಕಿನ ಸೆನ್ಸರುಗಳನ್ನು ನೀರಿನಲ್ಲೇ ಬಿಟ್ಟು ನಿಮಿಷ ನಿಮಿಷಕ್ಕೂ ಅಳೆಯಬಹುದು. ಪಾಚಿ ಬೆಳೆದು ಮುಚ್ಚಿಕೊಳ್ಳದಂತೆ ಆಗಾಗ ಒರೆಸಬೇಕಾದ ತಾಪತ್ರಯ ಇದೆ. ಅವು ಬಿಡಿಸುವ ದಿನದ ಗ್ರಾಫ್ ಒಂದನ್ನು ಪ್ರಶ್ನೆಪತ್ರಿಕೆಯಲ್ಲಿ ಮುದ್ರಿಸಿ, ಮಾದರಿಯನ್ನು ಎಷ್ಟು ಗಂಟೆಗೆ ತೆಗೆಯುತ್ತೀರಿ, ಯಾಕೆ ಎಂದು ಕೇಳಿದರೆ ಅದು ಹತ್ತಂಕದ ಪ್ರಶ್ನೆ ಆಗಬಲ್ಲದು.

ಕೆರೆ ಅಭಿವೃದ್ಧಿಯ ಯೋಜನೆಗಳಲ್ಲಿ ಈಗ ಕಾರಂಜಿಗೆ ಖಾಯಂ ಜಾಗ. ನೀರನ್ನು ಗಾಳಿಗೆ ಚಿಮ್ಮಿಸಿದರೆ ಆಮ್ಲಜನಕ ಸೇರುತ್ತದೆ ಎಂಬ ವಿವರಣೆಯೂ ಜೊತೆಗಿರುತ್ತದೆ. ಸೇರುವುದು ನಿಜ, ನೀರಿನಲ್ಲಿ ಕೊರತೆ ಇದ್ದ ಹೊತ್ತಿನಲ್ಲಿ. ಪಾಚಿಯ ದೆಸೆಯಿಂದ ಮಿತಿಮೀರಿ ತುಂಬಿಕೊಂಡ ಮಧ್ಯಾಹ್ನದ ನೀರನ್ನು ಚಿಮ್ಮಿಸಿದರೆ ಇರುವ ಆಮ್ಲಜನಕವೇ ಗಾಳಿಗೆ ಹಾರಿಹೋಗುತ್ತದೆ, ಸೋಡಾ ಬಾಟಲಿಯನ್ನು ಕುಲುಕಿದ ಹಾಗೆ. ಆಂಧ್ರದ ಕರಾವಳಿಯ ಸಿಗಡಿ ಹೊಂಡಗಳಲ್ಲಿ ನೀರು ಕಡೆಯುವ ಚಕ್ರಗಳು ಮುಖ್ಯವಾಗಿ ತಿರುಗುವುದು ನಡುರಾತ್ರಿಯಿಂದ ಬೆಳಕು ಹರಿಯುವವರೆಗೆ; ಒಂದು ರಾತ್ರಿ ಕರೆಂಟ್ ಕೈಕೊಟ್ಟರೆ ಹೊಂಡದ ಬಂಡವಾಳವೆಲ್ಲ ಬೆಳಗ್ಗೆ ತೇಲುತ್ತದೆಂಬ ಭಯಕ್ಕೆ ಡೀಸೆಲ್ ಜನರೇಟರನ್ನೂ ಇಟ್ಟುಕೊಂಡಿರುತ್ತಾರೆ. ನಾನು ನೋಡಿದ ಉದ್ಯಾನದ ಕೆರೆಯ ಕಾರಂಜಿ ಬಣ್ಣದ ದೀಪಗಳೊಡನೆ ಸಂಜೆ ಶುರುವಾಗಿ, ವಾಯುವಿಹಾರದವರು ಮನೆಗೆ ಹೊರಟ ಮೇಲೆ ಎಂಟೂವರೆಗೆ ನಿಲ್ಲುತ್ತದೆ.